ಮುಕ್ತದ ಒತ್ತು

ಮಾತು ಆಡಿದರೆ ಹೋಯಿತು, ಅಚ್ಚು ಹಾಕಿದರೆ ಆಡಿದವನೇ ಹೋದ. ಗಾದೆ ಹಾಗಿಲ್ಲ, ಗೊತ್ತು. ಗಾದೆಯ ಮುತ್ತು ಎಲ್ಲಿ ಹೋಯಿತಪ್ಪ ಎಂದು ಹಿರಿಯರು ಕೇಳುತ್ತಾರೆ, ಅದೂ ಗೊತ್ತು. ಮುತ್ತು ಒಡೆದದ್ದನ್ನು ಕಂಡವರು ಕಡಿಮೆ, ಆಡಿದವನು ಹೋದದ್ದನ್ನು ಕಂಡವರು ಬೇಕಾದಷ್ಟು ಜನ. ಹಾಗೆ ಹೋದವನೊಬ್ಬನ ಒಂದು ದಿನದ ಕಥೆ ಇದು, ನಿಜವಾಗಿ ನಡೆದದ್ದು. ಪತ್ರಿಕೆಯವರ ಕಥೆಯಾದ್ದರಿಂದ ಎಷ್ಟು ನಂಬಬೇಕೆಂಬುದನ್ನು ಪತ್ರಿಕೆ ಓದುವವರಿಗೇ ಬಿಟ್ಟಿದೆ.

ಬೆಳಿಗ್ಗೆ ಅವನು ಪತ್ರಿಕೆಯ ಕಚೇರಿಗೆ ಬಂದು ಕೂತಾಗ ಕರಡು ಮೇಜಿನ ಮೇಲಿತ್ತು. ಪುಟದ ನೆತ್ತಿಯಲ್ಲಿ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ‘ಇಲ್ಲಿ ಪತ್ರಿಕೆ ಮುಕ’ ಎಂದಿತ್ತು. ಫಾಂಟು ಬದಲಿಸಿದಾಗ ಹೀಗಾಗುತ್ತದೆ. ಒಂದು ಫಾಂಟಿನಿಂದ ಇನ್ನೊಂದಕ್ಕೆ ದಾಟುವ ದಾರಿಯಲ್ಲಿ ಒತ್ತಕ್ಷರಗಳು ಉದುರಿಹೋಗುತ್ತವೆ. ಗಡಿ ದಾಟುವವರ ಗಂಟಿನಿಂದ ಸಣ್ಣಪುಟ್ಟ ಸಾಮಾನು ಉದುರುವ ಹಾಗೆ ಎಂದು ಮೊದಮೊದಲು ಅವನಿಗೆ ಅನ್ನಿಸುತ್ತಿತ್ತು, ಈಗ ಅನ್ನಿಸುವುದಿಲ್ಲ, ಈಗ ಅದು ಬರೀ ಕೆಲಸ. ಅವನು ಪೆನ್ಸಿಲ್ ಎತ್ತಿದ. ಮುಕ ಎಂಬುದು ಯಾವ ಶಬ್ದವೂ ಅಲ್ಲ, ಯಾವುದೋ ಶಬ್ದದ ಅರ್ಧ ದಾರಿ. ಅಡಿಯಲ್ಲಿ ತ ಒತ್ತು ಕೊಟ್ಟರೆ ಮುಕ್ತ. ಪಕ್ಕದ ಕೊಂಬನ್ನು ಒಂದಿಷ್ಟು ಎಳೆದರೆ ಮೂಕ. ಎರಡೂ ತಿದ್ದುಪಡಿಯೇ, ಯಾವುದನ್ನು ಮಾಡಿದರೂ ಕರಡು ತಿದ್ದುವವನ ಕರ್ತವ್ಯ ಮುಗಿಯಿತು. ಪೆನ್ಸಿಲಿನ ಮೊನೆ ಆ ಎರಡರ ನಡುವೆ ನಿಂತಿತು. ಒತ್ತು ಇದ್ದರೇ ಮುಕ್ತ, ಇದ್ಯಾವ ಕುಚೋದ್ಯದ ಲಿಪಿ, ಒತ್ತಿ ಹಿಡಿದರೆ ಸ್ವಾತಂತ್ರ್ಯ, ಒತ್ತು ಬಿದ್ದುಹೋದರೆ ಬಾಯಿ ಬಿದ್ದುಹೋಯಿತು. ಅವನಿಗೆ ನಗು ಬಂತು. ನಗುವನ್ನು ಯಾರಾದರೂ ನೋಡಿದರೇನೋ ಎಂದು ತಲೆ ಎತ್ತಿದ, ಅದು ಹಳೆಯ ಚಾಳಿ, ಆಮೇಲೆ ತ ಒತ್ತು ಬರೆದ. ಕೈ ಅವನದು, ಮರ್ಯಾದೆ ವೃತ್ತಿಯದು.

ಕಚೇರಿಯಲ್ಲಿ ಅವನನ್ನು ದೀರ್ಘಣ್ಣ ಎನ್ನುತ್ತಾರೆ. ಆಳು ಉದ್ದ, ಅದೊಂದು. ಅವನು ಬಿಟ್ಟುಬಂದ ದೇಶದ ಮಾತಿಗೂ ಇಲ್ಲಿಯ ಮಾತಿಗೂ ಅಕ್ಷರ ಒಂದೇ ಆದರೂ ಎಳೆತ ಬೇರೆ. ಅಲ್ಲಿಯವರು ಮಾತಿನ ಬಾಲವನ್ನು ಎಳೆಯುತ್ತಾರೆ, ಇಲ್ಲಿಯವರು ನುಂಗುತ್ತಾರೆ, ಅದು ಇನ್ನೊಂದು. ನುಂಗಲು ಬಾರದೆ, ಎಳೆದರೆ ನಗುತ್ತಾರೆಂದು ಹೆದರಿ, ಅವನು ಅಚ್ಚಿನಲ್ಲಿ ಇದ್ದ ಹಾಗೆಯೇ ಮಾತಾಡುವುದನ್ನು ರೂಢಿ ಮಾಡಿಕೊಂಡ. ಬಂದ ಹೊಸದರಲ್ಲಿ ಕ್ಯಾಂಟೀನಿಗೆ ಹೋಗಿ ‘ಒಂದು ಲೋಟ ಚಹಾ ದೊರೆಯಬಹುದೇ’ ಎಂದು ಕೇಳಿದ್ದನ್ನು ಗಿಳಿರಾಯ ಇವತ್ತಿಗೂ ಬಿಟ್ಟಿಲ್ಲ. ಗಿಳಿರಾಯ ಅಂದರೆ ಪಕ್ಕದ ಮೇಜಿನ ವರದಿಗಾರ. ಒಮ್ಮೆ ಕೇಳಿದ ದನಿ ಮರುಗಳಿಗೆ ಅವನ ಗಂಟಲಲ್ಲಿರುತ್ತದೆ: ಸಂಪಾದಕರ ಕೆಮ್ಮು, ಮಂತ್ರಿಯ ಗೊಗ್ಗರು, ಕೆಟ್ಟ ಲಿಫ್ಟಿನ ನರಳಾಟ. ದೀರ್ಘಣ್ಣನ ದನಿಯನ್ನು ಅವನು ಎಷ್ಟು ಚೆನ್ನಾಗಿ ತೆಗೆಯುತ್ತಾನೆಂದರೆ ಒಮ್ಮೆ ಅದನ್ನು ಬಾಗಿಲಾಚೆಯಿಂದ ಕೇಳಿ ದೀರ್ಘಣ್ಣನಿಗೇ, ಅಯ್ಯೋ ಪಾಪ, ಯಾರೋ ನಮ್ಮ ಕಡೆಯವನು ಬಂದಿದ್ದಾನೆ ಎಂದು ಎದೆ ಹಾರಿತ್ತು. ಮನೆಯಲ್ಲಿ ಮಗಳದೂ ಅದೇ ಪಾಠ. ‘ಅಪ್ಪಾ, ಹಾಗೆಲ್ಲ ಯಾರೂ ಮಾತಾಡಲ್ಲ. ಬಸ್ಸಲ್ಲಿ ನನ್ನ ಜೊತೆ ಮಾತಾಡ್ಬೇಡ, ಪ್ಲೀಸ್.’ ಮಾತಾಡಿದ್ದಕ್ಕೆ ದೇಶ ಬಿಡಿಸಿದರು, ಈಗ ಮಗಳು ಬಸ್ಸು ಬಿಡಿಸುತ್ತಾಳೆ.

ಮುಕ್ತ ಎಂದು ತಿದ್ದಿದ ತಲೆಬರಹದ ಕೆಳಗೆ ಇದ್ದದ್ದು ಅವನದೇ ಲೇಖನ. ನಾಳೆ ಪತ್ರಿಕಾ ಸ್ವಾತಂತ್ರ್ಯದ ದಿನ. ಪ್ರತಿವರ್ಷ ಪತ್ರಿಕೆ ಅದಕ್ಕೊಂದು ವಿಶೇಷ ಪುಟ ಮಾಡುತ್ತದೆ. ‘ಈ ಸಲ ನೀವು ಬರೀರಿ’ ಎಂದಿದ್ದರು ಸಂಪಾದಕರು, ಕಚೇರಿಯವರೆಲ್ಲ ‘ದೊಡ್ಡವರು’ ಎಂದು ಕರೆಯುವ ಮನುಷ್ಯ, ಆಳು ಗಿಡ್ಡ. ‘ಅಲ್ಲಿ ಹೇಗಿತ್ತು, ಇಲ್ಲಿ ಹೇಗಿದೆ. ನಮ್ಮನ್ನ ನಾವೇ ಹೊಗಳ್ಕೊಂಡ್ರೆ ಚೆನ್ನಾಗಿರಲ್ಲ ನೋಡಿ. ನೀವಾದ್ರೆ ಅನುಭವಿಸಿದವರು, ತೂಕ ಇರುತ್ತೆ.’ ಅವರ ತಲೆಯ ಹಿಂದಿನ ಗೋಡೆಯ ಮೇಲೆ ಅವರದೇ ಹಳೆಯ ಫೋಟೊ: ತುಂಬು ಕೂದಲಿನ ಹುಡುಗನೊಬ್ಬ ಲಾಕಪ್ಪಿನ ಸರಳುಗಳ ಹಿಂದೆ ನಗುತ್ತಿದ್ದಾನೆ. ಯಾವುದೋ ಚಳವಳಿಯಲ್ಲಿ ಎರಡು ದಿನ ಒಳಗಿದ್ದರಂತೆ. ಸುಳ್ಳಲ್ಲ, ನಿಜವಾಗಿ ಇದ್ದವರು, ಆದರೆ ಆ ಎರಡು ದಿನದ ಬಡ್ಡಿಯನ್ನೇ ಅವರು ಅಂದಿನಿಂದ ತಿನ್ನುತ್ತಿದ್ದಾರೆ ಎಂದು ಗಿಳಿರಾಯ ಹೇಳುತ್ತಾನೆ. ಆ ಕೋಣೆಯಲ್ಲಿ ಕೂತಾಗ ದೀರ್ಘಣ್ಣನಿಗೆ ನೆನಪಾದದ್ದು ಆ ಫೋಟೊದ ಹುಡುಗನಲ್ಲ, ಕತ್ತರಿ. ಅಲ್ಲಿ ಅವನು ತನ್ನದೇ ಪತ್ರಿಕೆ ನಡೆಸುತ್ತಿದ್ದಾಗ ಸರ್ಕಾರದಿಂದ ದಿನಾ ಬರುತ್ತಿದ್ದ ಸೆನ್ಸಾರ್ ಅಧಿಕಾರಿಗೆ ಅವನ ಪತ್ರಿಕೆಯವರು ಇಟ್ಟ ಹೆಸರು. ಮೂಲವ್ಯಾಧಿಯ ಮನುಷ್ಯ, ಕೂರಲು ಮನೆಯಿಂದ ದಿಂಬು ತರುತ್ತಿದ್ದ. ಕೆಂಪು ಪೆನ್ಸಿಲನ್ನು ಕೆತ್ತಿ ಕೆತ್ತಿ ಚೂಪು ಮಾಡಿ, ಒಂದಕ್ಷರ ಬಿಡದೆ ಓದಿ, ತೆಗೆಯಬೇಕಾದ ಸಾಲಿನ ಕಾಗುಣಿತ ಮೊದಲು ತಿದ್ದಿ ಆಮೇಲೆ ಅದನ್ನು ಹೊಡೆದುಹಾಕುತ್ತಿದ್ದ. ‘ತಪ್ಪು ತಪ್ಪಾಗಿ ಸಾಯಬಾರದು ನೋಡಿ’ ಎನ್ನುತ್ತಿದ್ದ. ಹೊಡೆದ ಜಾಗವನ್ನು ಪತ್ರಿಕೆಯವರು ಖಾಲಿ ಬಿಟ್ಟು ಅಚ್ಚು ಹಾಕಿದರು. ಓದುಗರು ಖಾಲಿ ಜಾಗವನ್ನೇ ಓದಲು ಶುರು ಮಾಡಿದರು. ಆಮೇಲೆ ಖಾಲಿ ಜಾಗವೂ ಅಪರಾಧವಾಯಿತು. ಆಮೇಲೆ ದೀರ್ಘಣ್ಣನೂ. ಅಲ್ಲಿ ತಲೆಬರಹ ಬರೆದವನ ಹಣೆಬರಹ ಬದಲಾಗುತ್ತಿತ್ತು. ಇಲ್ಲಿ ಏನು ತಲೆಬರಹ ಬರೆದರೂ ಯಾರ ಹಣೆಬರಹವೂ ಬದಲಾಗುವುದಿಲ್ಲ. ಆದರೂ ಎರಡೂ ಒಂದೇ ಎಂದು ಯಾರಾದರೂ ಟೀ ಕುಡಿಯುತ್ತ ಹೇಳಿದರೆ ಅವನಿಗೆ ಮೈ ಉರಿಯುತ್ತದೆ. ಒಂದಲ್ಲ. ಇಲ್ಲಿ ಬರೆದವನು ಸಂಜೆ ಮನೆಗೆ ಹೋಗುತ್ತಾನೆ. ಹೋಗಿ, ಕಾಲು ತೊಳೆದು, ಮಗಳಿಂದ ಬೈಸಿಕೊಳ್ಳುತ್ತಾನೆ. ಅದಕ್ಕಿಂತ ದೊಡ್ಡದು ಲೋಕದಲ್ಲಿ ಏನಿದೆ? ಅಷ್ಟಿದ್ದೂ ಇಲ್ಲಿಯವರು ಏಕೆ ಪಿಸುಗುಡುತ್ತಾರೆ ಎಂಬುದೇ ಅವನಿಗೆ ಬಿಡಿಸಲಾಗದ ಒಗಟು. ಬಾಯಿಗೆ ಬಟ್ಟೆ ತುರುಕಿಸಿಕೊಂಡವನು ಮಾತಾಡದಿದ್ದರೆ ಅರ್ಥವಾಗುತ್ತದೆ, ಬಾಯಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟರೆ ಅದನ್ನೇ ತುರುಕಿಕೊಳ್ಳುವುದೇ?

ಬೆಳಿಗ್ಗೆ ಹೆಂಡತಿಗೆ ಲೇಖನದ ಕೊನೆ ಓದಿ ಹೇಳಿದ್ದ. ಅವಳು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸದವಳು, ಹೊರಡುವ ಆತುರದಲ್ಲಿ ಚಪ್ಪಲಿಯ ಪಟ್ಟಿ ಏರಿಸುತ್ತಿದ್ದಳು. ಒಂಟಿಕಾಲಲ್ಲಿ ನಿಂತೇ ಹೇಳಿದಳು, ‘ರೀ, ಈ ತಿಂಗಳು ವಾಸದ ಪರವಾನಗಿ ಹೊಸದಾಗ್ಬೇಕು. ನೆನಪಿದೆಯಾ?’

‘ಇದೆ.’

‘ಉಂಡ ಮನೆ ಜಂತೆ ಎಣಿಸಬಾರದು ಅಂತ ಗಾದೆ ಇದೆ. ಅದೂ ನೆನಪಿದೆಯಾ?’

‘ಅದನ್ನೇ ಬರೆದಿದ್ದೇನಲ್ಲ.’

‘ನೀವು ಬರೆದಿರೋದು ಗಾದೆ ಅಲ್ಲ, ಗಾಯ.’ ಇನ್ನೊಂದು ಚಪ್ಪಲಿ ಹಾಕಿಕೊಂಡು ಅವಳು ಅವನನ್ನು ನೋಡಿದಳು. ಸಿಟ್ಟಿನ ನೋಟವಲ್ಲ; ಹಿಂದೆ ದೇಶ ಬಿಡುವ ದಿನ, ಒಂದೇ ಗಂಟು ಕಟ್ಟಲು ಅವನು ಹೇಳಿದಾಗ ನೋಡಿದ್ದಳಲ್ಲ, ಅದು. ‘ಇನ್ನೊಂದು ಸಲ ಸಾಮಾನು ಕಟ್ಟೋಕೆ ನನ್ನ ಕೈಲಾಗಲ್ಲ. ಅಷ್ಟು ತಿಳ್ಕೊಂಡು ಏನಾದ್ರೂ ಬರ್ಕೊಳ್ಳಿ.’

ಏನಾದ್ರೂ ಬರ್ಕೊಳ್ಳಿ ಎಂಬುದು ಒಪ್ಪಿಗೆಯೋ ಶಾಪವೋ ಎಂದು ಅವನು ಬಸ್ಸಿನುದ್ದಕ್ಕೂ ಯೋಚಿಸಿದ್ದ. ಅವನು ಬರೆದದ್ದು ಇಷ್ಟೇ. ಮುಕ್ಕಾಲು ಲೇಖನ ಹೊಗಳಿಕೆ, ಹೊಟ್ಟೆಯೊಳಗಿಂದ ಬಂದದ್ದು. ಕೊನೆಯಲ್ಲಿ ಒಂದು ಪ್ಯಾರಾ: ‘ಅಲ್ಲಿ ಸುದ್ದಿಯನ್ನು ಕೊಲ್ಲುತ್ತಿದ್ದರು. ಇಲ್ಲಿ ಕೊಲ್ಲುವುದಿಲ್ಲ, ಜಾಗ ಇಲ್ಲ ಎನ್ನುತ್ತಾರೆ. ನಮ್ಮಂಥವರಿಗಾಗಿ ಕಟ್ಟಿದ ವಸತಿಯ ಸೂರು ಬಿದ್ದು ಮಲಗಿದ್ದವರ ಕಾಲು ಮುರಿಯಿತು. ಸೂರಿಲ್ಲದವರ ಸೂರು ಬಿದ್ದ ಆ ಸುದ್ದಿಗೆ ಈ ಪತ್ರಿಕೆಯಲ್ಲೂ ಸೂರು ಸಿಗಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ಎಣಿಸಲಿಲ್ಲ. ಅವು ತಾವಾಗಿಯೇ ಬಿದ್ದವು.’ ಆ ಸುದ್ದಿ ತಂದವನು ಗಿಳಿರಾಯ. ಆ ದಿನ ಧೂಳು ಮೆತ್ತಿದ ಅಂಗಿಯಲ್ಲೇ ಬಂದು, ಯಾರ ದನಿಯನ್ನೂ ತೆಗೆಯದೆ ತನ್ನ ಸ್ವಂತ ಮುಖ ಇಟ್ಟುಕೊಂಡು ಟೈಪ್ ಮಾಡಿದ್ದ. ವಸತಿ ಕಟ್ಟಿದ ಕಂಟ್ರಾಕ್ಟರನ ಜಾಹೀರಾತು ಮುಖಪುಟದಲ್ಲಿ ಕಾಲು ಭಾಗ ಇರುತ್ತಿತ್ತು. ದೊಡ್ಡವರು ಓದಿ, ‘ಚೆನ್ನಾಗಿದೆ, ಇವತ್ತು ಜಾಗ ಇಲ್ಲ’ ಎಂದರು. ಮರುದಿನವೂ ಇರಲಿಲ್ಲ. ಆಮೇಲೆ ಗಿಳಿರಾಯ ಎದುರು ಬಂದವರಿಗೆಲ್ಲ ಅದನ್ನೇ ದೊಡ್ಡವರ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಲು ಶುರು ಮಾಡಿದ: ‘ಚೆನ್ನಾಗಿದೀಯ, ಇವತ್ತು ಜಾಗ ಇಲ್ಲ.’ ಎಲ್ಲರೂ ನಕ್ಕರು, ದೀರ್ಘಣ್ಣ ನಗಲಿಲ್ಲ. ಬಾಡಿಗೆ ಕೋಣೆ ಹುಡುಕುತ್ತಿದ್ದ ದಿನಗಳಲ್ಲಿ ಅವನ ಮಾತಿನ ಎಳೆತ ಕೇಳಿದ ತಕ್ಷಣ ಮನೆಮಾಲೀಕರು ಅಷ್ಟೇ ಸಿಹಿಯಾಗಿ ಅದನ್ನೇ ಹೇಳುತ್ತಿದ್ದರು. ಜಾಗ ಇತ್ತು. ಪರದೆಯ ಸಂದಿನಿಂದ ಕಾಣುತ್ತಿತ್ತು.

ಮಧ್ಯಾಹ್ನ ದೊಡ್ಡವರು ಪುಟವನ್ನು ತೋಳಿನಷ್ಟು ದೂರ ಹಿಡಿದು ನೋಡಿದರು. ‘ಹೊಗಳಿದೀರಲ್ಲ, ಸಾಕು’ ಎಂದು ತಲೆಬರಹ ಓದಿ, ಮೊದಲ ಪ್ಯಾರಾ ಓದಿ, ಸಹಿ ಮಾಡಿ ಕಳಿಸಿದರು. ಕತ್ತರಿ ಇದ್ದಿದ್ದರೆ ಓದುತ್ತಿದ್ದ. ಕೊನೆಯವರೆಗೆ ಓದಿ, ‘ತಾವಾಗಿಯೇ’ ಎಂಬಲ್ಲಿ ಏತ್ವ ಸರಿ ಇದೆಯೇ ನೋಡಿ, ಆಮೇಲೆ ಹೊಡೆಯುತ್ತಿದ್ದ. ತನ್ನನ್ನು ಇಷ್ಟು ಎಚ್ಚರದಿಂದ ಓದಿದವನು ಬದುಕಿನಲ್ಲಿ ಅವನೊಬ್ಬನೇ ಎಂದು ಹೊಳೆದು ದೀರ್ಘಣ್ಣನಿಗೆ ನಾಚಿಕೆಯಾಯಿತು. ಬೇಟೆಗಾರನನ್ನು ನೆನೆದು ಕಣ್ಣೀರಿಡುವ ಜಿಂಕೆ. ಥೂ.

ಆಗ ಅವನ ಮೇಜಿನ ಫೋನು ಹೊಡೆದುಕೊಂಡಿತು.

‘ಹಲೋ, ಪರವಾನಗಿ ಕಚೇರಿಯಿಂದ’ ಎಂದಿತು ದನಿ, ಮೂಗಿನಿಂದ ಒಮ್ಮೆ ಸೊರ್ ಎಂದಿತು. ಆ ಸೊರ್ ಅವನಿಗೆ ಗೊತ್ತಿತ್ತು. ಹೋದ ವಾರ ಅರ್ಜಿ ಕೊಡಲು ಹೋದಾಗ ಜೊತೆಗಿರಲಿ ಎಂದು ಗಿಳಿರಾಯನೂ ಬಂದಿದ್ದ. ಇಬ್ಬರೂ ಆ ಅಧಿಕಾರಿಯ ಎದುರು ನಿಂತು ಸೊರ್ ಸೊರ್ ಕೇಳಿ ಬಂದಿದ್ದರು. ‘ಏನಪ್ಪಾ, ಲೇಖನ ಗೀಖನ ಎಲ್ಲ ಬರೀತೀರಂತೆ. ಸಂತೋಷ. ಬರೀಬೇಕು. ಅರ್ಥ ಆಯ್ತಾ? ಆದ್ರೆ ಆ ಜಂತೆ ಬಿದ್ದ ವಿಷಯ ಇದೆಯಲ್ಲ, ಅದು ಬೇಡ. ಅರ್ಥ ಆಯ್ತಾ?’

ಅವನು ಎದ್ದು ನಿಂತಿದ್ದ. ಯಾವಾಗ ಎದ್ದನೋ ಗೊತ್ತಾಗಲಿಲ್ಲ. ಮಂಡಿಗಳು ತಾವೇ ನಿರ್ಧಾರ ಮಾಡಿ ಆಮೇಲೆ ಅವನಿಗೆ ತಿಳಿಸಿದವು. ಸುತ್ತಲಿನ ಮೇಜುಗಳ ಸದ್ದು ಅಡಗಿತ್ತು. ಪುಟ ಕಟ್ಟುವ ಹೆಂಗಸು, ಪುಟದಕ್ಕ, ಕಂಪ್ಯೂಟರಿನ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಫೋನಿನಲ್ಲಿರುವ ಮನುಷ್ಯನಿಗಾಗಿ ಎದ್ದು ನಿಲ್ಲುವವನನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಅಲ್ಲಿ ಫೋನು ಬಂದಾಗ ಇಡೀ ಕಚೇರಿ ಎದ್ದು ನಿಲ್ಲುತ್ತಿತ್ತು, ಅಚ್ಚಿನ ಯಂತ್ರವೂ ಎದ್ದು ನಿಂತ ಹಾಗೆ ಗಕ್ಕನೆ ನಿಲ್ಲುತ್ತಿತ್ತು. ಇನ್ನೂ ಅಚ್ಚಾಗದ ಸಾಲು ಆ ಅಧಿಕಾರಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಅವನಿಗೆ ಏಳಲೇ ಇಲ್ಲ. ಅಂಥವರಿಗೆ ಗೊತ್ತಿರುತ್ತದೆ, ಬರೆಯುವ ಮೊದಲೇ ಗೊತ್ತಿರುತ್ತದೆ, ಅದನ್ನು ಅವನ ರಕ್ತ ಒಪ್ಪಿಕೊಂಡು ಎಷ್ಟೋ ಕಾಲವಾಗಿತ್ತು. ಹೆಂಡತಿಯ ಒಂಟಿಕಾಲು ಕಣ್ಣಿಗೆ ಬಂತು. ಚಪ್ಪಲಿಯ ಪಟ್ಟಿ. ಮಗಳು ಬಸ್ಸಿನ ಕಿಟಕಿಯತ್ತ ಮುಖ ತಿರುಗಿಸಿದ್ದು. ಅವಳ ಮಾತಿಗೆ ಈಗ ಎಳೆತವೇ ಇಲ್ಲ, ಅವಳನ್ನು ಇನ್ನೊಂದು ಊರಿಗೆ ಕಿತ್ತು ನೆಟ್ಟರೆ ಮತ್ತೆ ಯಾವ ಎಳೆತ ಅಂಟಿಸಿಕೊಂಡಾಳು? ಆಗಲಿ ಸ್ವಾಮಿ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಚೆನ್ನಾಗಿ ಬಳಸಿ ಸವೆದ ನಾಣ್ಯದ ಹಾಗೆ ನುಣ್ಣಗೆ ಕೂತಿತು. ಉಗುಳಿದರೆ ಮುಗಿಯಿತು. ಆದರೆ ಎದುರಿಗೆ ಕರಡು ಇತ್ತು, ನೆತ್ತಿಯ ಮೇಲೆ ಅವನ ಕೈಯಾರೆ ಬರೆದ ತ ಒತ್ತು ಇತ್ತು, ಸಣ್ಣ ಕೊಕ್ಕೆ, ಮೀನಿನ ಗಂಟಲಲ್ಲಿ ಸಿಕ್ಕುವಂಥದ್ದು.

‘ಆ ಸಾಲನ್ನು ನಾನು ತೆಗೆಯುವುದಿಲ್ಲ’ ಎಂದ.

ಅತ್ತಲಿಂದ ಮತ್ತೊಮ್ಮೆ ಸೊರ್ ಎಂದಿತು. ‘ಯೋಚನೆ ಮಾಡಿ ಹೇಳಿ. ಈ ತಿಂಗಳು ನಿಮ್ಮದು ಹೊಸದಾಗ್ಬೇಕಲ್ವಾ? ಅರ್ಥ...’

‘ಅರ್ಥ ಆಯಿತು. ಯೋಚನೆಯೂ ಆಯಿತು. ಅಲ್ಲಿಯೂ ಯೋಚಿಸಿಯೇ ಬರೆದಿದ್ದೆ. ನೀವು ಪರವಾನಗಿ ಕೊಡದಿದ್ದರೆ ಅದನ್ನೂ ಬರೆಯುತ್ತೇನೆ. ತೆಗೆಯುವುದಿಲ್ಲಾ.’

ಕೊನೆಯ ‘ಲಾ’ ಎಳೆದುಹೋಯಿತು. ಇಷ್ಟು ವರ್ಷ ಹಲ್ಲಿನ ಹಿಂದೆ ಬಚ್ಚಿಟ್ಟ ಎಳೆತ, ಅವನ ಅಪ್ಪ ಜಗಳಕ್ಕೆ ನಿಂತಾಗ ಎಳೆಯುತ್ತಿದ್ದ ಹಾಗೆಯೇ, ಕಚೇರಿಯ ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ಯಾರೂ ನಗಲಿಲ್ಲ. ಪುಟದಕ್ಕನ ಸೆರಗು ಬಾಯಿಂದ ಜಾರಿತ್ತು. ಅವನು ಫೋನಿಟ್ಟ. ಪತ್ರಿಕೆ ತನ್ನದಲ್ಲ, ಯಜಮಾನರಿಗೆ ಹೇಳದೆ ಬೆಂಕಿಗೆ ನುಗ್ಗಬಾರದು ಎಂದುಕೊಂಡು ಕರಡು ಹಿಡಿದು ದೊಡ್ಡವರ ಗಾಜಿನ ಕೋಣೆಗೆ ನಡೆದ.

‘ಸಾರ್, ಪರವಾನಗಿ ಕಚೇರಿಯಿಂದ ಫೋನ್ ಬಂದಿತ್ತು. ನನ್ನ ಲೇಖನದ ಕೊನೆಯ ಪ್ಯಾರಾ ತೆಗೆಯಬೇಕಂತೆ. ನಾನು ಒಪ್ಪಲಿಲ್ಲ. ತಮಗೆ ತಿಳಿದಿರಲಿ ಎಂದು ಬಂದೆ.’

ಫೋನ್ ಮಾಡಿದವನು ಯಾರು ಎಂದು ದೊಡ್ಡವರು ಕೇಳುತ್ತಾರೆ, ಹೆಸರೇನು, ಅವನಿಗೇನು ಅಧಿಕಾರ ಎಂದು ಮೇಜು ಗುದ್ದುತ್ತಾರೆ ಎಂದು ಅವನು ಕಾದ. ಗೋಡೆಯ ಮೇಲಿನ ಹುಡುಗ ಸರಳಿನ ಹಿಂದಿಂದ ನಗುತ್ತಿದ್ದ. ದೊಡ್ಡವರು ಕನ್ನಡಕ ಹುಡುಕಿ ಹಾಕಿಕೊಂಡರು.

‘ಯಾವ ಪ್ಯಾರಾ?’ ಎಂದು ಅದನ್ನು ಮೊದಲ ಸಲ ಓದಿದರು. ಕಿವಿ ಕೆಂಪಾಯಿತು. ‘ಅಯ್ಯೋ, ಇದಾ? ತೆಗೆದುಬಿಡೋಣ ಬಿಡಿ.’

‘ಸಾರ್?’

‘ಹೆದರಿ ಅಲ್ಲ ಮಾರಾಯರೇ. ಹೆದರೋ ಪೈಕಿ ಅಲ್ಲ ನಾವು, ಗೊತ್ತಲ್ಲ ನಿಮಗೆ’ ಎಂದು ಕಣ್ಣಲ್ಲೇ ಫೋಟೊ ತೋರಿಸಿದರು. ‘ನಿಮಗೋಸ್ಕರ ಹೇಳ್ತಿರೋದು. ನಾಳೆ ನಿಮಗೇ ತೊಂದ್ರೆ. ಸುಮ್ನೆ ಯಾಕೆ? ಅದೂ ಅಲ್ದೆ...’ ಪುಟವನ್ನು ಮತ್ತೆ ತೋಳಿನಷ್ಟು ದೂರ ಹಿಡಿದರು, ‘ಜಾಗಾನೂ ಇಲ್ಲ.’ ಬಾಗಿಲು ಅರ್ಧ ತೆರೆದು ಪುಟದಕ್ಕನಿಗೆ ಕೂಗಿ ಹೇಳಿದರು, ‘ಅಮ್ಮಾ, ಆ ಕೊನೇ ಪ್ಯಾರಾ ಎತ್ತಿಬಿಡು. ಖಾಲಿ ಕಂಡ್ರೆ ಚೆನ್ನಾಗಿರಲ್ಲ. ಅಲ್ಲಿ ನನ್ನ ಆ ಲಾಕಪ್ ಫೋಟೊ ಹಾಕ್ಬಿಡು.’

ಬಾಗಿಲಲ್ಲಿ ಗಿಳಿರಾಯ ನಿಂತಿದ್ದ. ಹಳೆಯ ಪತ್ರಿಕೆಗಳನ್ನು ತುಂಬುವ ಕೋಣೆಯಿಂದ ಓಡಿ ಬಂದಿದ್ದ, ತಲೆಯ ಮೇಲೆ ಜೇಡನ ಬಲೆ. ಮುಖದಲ್ಲಿ ಯಾರ ಮುಖವೂ ಇರಲಿಲ್ಲ. ‘ಸಾರ್, ಎತ್ತಬೇಡಿ. ಅದು... ಅದು ನಾನು.’

‘ಏನು ನೀನು?’

‘ಫೋನು. ತಮಾಷೆಗೆ ಮಾಡ್ದೆ. ದೀರ್ಘಣ್ಣ ಎದ್ದು ನಿಲ್ತಾರೆ, ಆಮೇಲೆ ಹೇಳಿ ಎಲ್ಲರೂ ಟೀ ಕುಡಿಯೋಣ ಅಂತ. ಅವರು ಹಾಗೆ ಹೇಳ್ತಾರೆ ಅಂತ ನನಗೇನು ಗೊತ್ತು?’ ದೊಡ್ಡವರು ನಂಬಲಿಲ್ಲ. ಗಿಳಿರಾಯ ಕಣ್ಣು ನೆಲಕ್ಕೆ ಹಾಕಿ, ಮೂಗಿನಿಂದ ಸೊರ್ ಎಂದು, ‘ಅರ್ಥ ಆಯ್ತಾ?’ ಎಂದ.

ಅರ್ಥ ಆಯಿತು. ದೀರ್ಘಣ್ಣನ ಮೈಯಲ್ಲಿ ಮೊದಲು ಏರಿದ್ದು ಬಿಸಿ, ಕುತ್ತಿಗೆಯಿಂದ ಕಿವಿಗೆ, ಅವಮಾನದ ಹಳೆಯ ದಾರಿಯಲ್ಲೇ. ತನ್ನ ಹೆಂಡತಿಯ ನಿದ್ದೆ, ಮಗಳ ಶಾಲೆ, ಇವರಿಗೆ ಟೀ ಜೊತೆಗಿನ ತಮಾಷೆ. ಗಿಳಿರಾಯನ ಕಪಾಳಕ್ಕೆ ಬಾರಿಸಲು ಕೈ ಎದ್ದೂ ಇತ್ತು. ಆಗ ಅವನ ಕಣ್ಣು ದೊಡ್ಡವರ ಮೇಲೆ ಬಿತ್ತು. ಅವರು ಇನ್ನೂ ಪುಟವನ್ನು ತೋಳಿನಷ್ಟು ದೂರ ಹಿಡಿದುಕೊಂಡೇ ಇದ್ದರು, ಯಾರಾದರೂ ತಗೊಂಡರೆ ಸಾಕು ಎಂಬಂತೆ. ಹಿಂದೆ ಗೋಡೆಯ ಮೇಲೆ ಹುಡುಗ. ಎತ್ತಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ದೀರ್ಘಣ್ಣ ನಕ್ಕ. ಮೊದಲು ಸದ್ದಿಲ್ಲದೆ, ಆಮೇಲೆ ಮೂಗಿನಿಂದ, ಆಮೇಲೆ ಬಾಯಿ ತುಂಬ.

‘ಸಾರ್’ ಎಂದ, ಪುಸ್ತಕದ ಮಾತು ಯಾವುದೂ ನೆನಪಿಗೆ ಬರಲಿಲ್ಲ, ‘ಅಲ್ಲಿ ಒಂದು ಸಾಲು ತೆಗೆಸೋಕೆ ಅಧಿಕಾರಿ ಬರ್ಬೇಕಿತ್ತೂ. ದಿಂಬು ತರ್ಬೇಕಿತ್ತೂ. ಪೆನ್ಸಿಲ್ ಕೆತ್ಬೇಕಿತ್ತೂ. ಇಲ್ಲಿ ಗಿಳಿ ಸಾಕು!’

ಮೊದಲು ಪುಟದಕ್ಕ ಕಿಸಕ್ಕೆಂದಳು. ಗಿಳಿರಾಯ ತಡೆದುಕೊಳ್ಳಲು ನೋಡಿ ಸೋತ. ‘ನಗ್ತೀರಿ ನೀವು’ ಎಂದರು ದೊಡ್ಡವರು. ‘ಇವತ್ತು ಇವನು, ಸರಿ. ನಾಳೆ ನಿಜವಾದ ಫೋನೇ ಬಂದ್ರೆ?’

‘ಇವನ ಕೈಗೇ ಕೊಡಿ ಸಾರ್. ನಿಮ್ಮ ದನಿಯಲ್ಲಿ ಆಗಲ್ಲ ಅಂತ ಹೇಳ್ತಾನೆ. ನಿಮಗೆ ಬರದಿದ್ರೆ ಇವನಿಗೆ ಬರುತ್ತೇ’ ಎಂದ ದೀರ್ಘಣ್ಣ.

ಗಿಳಿರಾಯ, ಹುಟ್ಟುಗುಣ, ದೊಡ್ಡವರ ಹಾಗೆ ಒಮ್ಮೆ ಕೆಮ್ಮಿದ. ದೊಡ್ಡವರ ದನಿಯಲ್ಲಿ, ದೊಡ್ಡವರು ಎಂದೂ ಹೇಳದಷ್ಟು ಗಟ್ಟಿಯಾಗಿ, ‘ಆಗಲ್ಲ. ಹಾಕ್ತೀವಿ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ’ ಎಂದ. ತಮಾಷೆಗೆ ಎಂದೇ ಹೇಳಿದ್ದು, ಆದರೆ ದನಿ ಕೋಣೆಯಲ್ಲಿ ನಿಂತಿತು. ದೊಡ್ಡವರು ತಮ್ಮದೇ ದನಿಯನ್ನು, ಕಳೆದುಹೋದ ಕೊಡೆ ಇನ್ನೊಬ್ಬನ ಕೈಯಲ್ಲಿ ಕಂಡವರಂತೆ, ನೋಡುತ್ತ ಉಳಿದರು.

‘ಏನ್ ಮಾಡ್ಲಿ ಸಾರ್, ಎತ್ಲೋ ಇಡ್ಲೋ?’ ಪುಟದಕ್ಕ ಬಾಗಿಲಲ್ಲಿ ಕೇಳಿದಳು. ‘ಪುಟ ಹೋಗೋ ಹೊತ್ತಾಯ್ತು.’

‘ನನ್ನ ಮೇಲೆ ಒತ್ತಾಯ ಮಾಡ್ತಿದೀರಿ ನೀವೆಲ್ಲ’ ಎಂದರು ದೊಡ್ಡವರು.

‘ಇಲ್ಲ ಸಾರ್, ಒತ್ತು ಬಿದ್ದುಹೋಗಿತ್ತು, ಕೊಟ್ಟೆ ಅಷ್ಟೇ’ ಎಂದು ದೀರ್ಘಣ್ಣ ಕರಡಿನ ನೆತ್ತಿಯ ಮೇಲೆ ಬೆರಳಿಟ್ಟು ತೋರಿಸಿದ.

ದೊಡ್ಡವರು ತಲೆಬರಹ ಓದಿದರು. ಆಮೇಲೆ ಕೊನೆಯ ಪ್ಯಾರಾವನ್ನು, ತುಟಿ ಅಲ್ಲಾಡಿಸುತ್ತ, ಒಂದಕ್ಷರ ಬಿಡದೆ ಓದಿದರು. ‘ಫೋಟೊ ಬೇಡಮ್ಮ’ ಎಂದರು ಕೊನೆಗೆ, ಯಾರನ್ನೂ ನೋಡದೆ. ‘ಅದಕ್ಕೆ ಜಾಗ ಇಲ್ಲ.’

ಪುಟದಕ್ಕ ಓಡಿದಳು. ಆಗಲೇ ದೊಡ್ಡವರ ಮೇಜಿನ ಮೇಲಿನ ಫೋನು ಹೊಡೆದುಕೊಂಡದ್ದು. ಎಲ್ಲರೂ ಗಿಳಿರಾಯನನ್ನು ನೋಡಿದರು. ಅವನು ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದ, ಬಾಯಿಯನ್ನು ಕೂಡ ಬಿಗಿದು ತೋರಿಸಿದ. ದೀರ್ಘಣ್ಣನ ಹೆಂಡತಿಯ ಫೋನಿರಬಹುದು, ಕಂಟ್ರಾಕ್ಟರನದಿರಬಹುದು, ನಿಜವಾದ ಸೊರ್ ಇರಬಹುದು. ಕುರ್ಚಿ ಹಿಂದಕ್ಕೆ ಜರುಗಿದ ಸದ್ದಾಯಿತು. ಈ ಸಲ ಎದ್ದು ನಿಂತವರು ದೊಡ್ಡವರು, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ನೆಟ್ಟಗೆ. ಅದನ್ನು ಕಂಡ ದೀರ್ಘಣ್ಣನಿಗೆ ಆರುತ್ತಿದ್ದ ನಗು ಮತ್ತೆ ಹೊತ್ತಿಕೊಂಡಿತು. ಕಣ್ಣೊರೆಸಿಕೊಂಡು, ಎದುರಿನ ಕುರ್ಚಿ ಎಳೆದು, ಕಾಲ ಮೇಲೆ ಕಾಲು ಹಾಕಿ ಕೂತು, ಫೋನೆತ್ತಿ ಕಿವಿಗಿಟ್ಟುಕೊಂಡ. ಅತ್ತಲಿಂದ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಅವನಿಗೆ ಉತ್ತರ ಕೊಡಲಾಗಲಿಲ್ಲ. ಅಲ್ಲಿದ್ದವರೆಲ್ಲರಿಗಿಂತ ಜೋರಾಗಿ, ಎಳೆದೂ ಎಳೆದೂ, ಅವನು ನಗುತ್ತಲೇ ಇದ್ದ.